ಮೂರು ಸೆಂಟು ಮಳೆ

ಹೋದ ತಿಂಗಳು ಪಾಂಡವಪುರದ ಹತ್ತಿರ ಒಂದು ವೇಬ್ರಿಡ್ಜಿನಲ್ಲಿ ತಮ್ಮನ ಕಬ್ಬಿನ ಟ್ರಾಕ್ಟರು ತೂಕಕ್ಕೆ ನಿಂತಿತ್ತು. ನಾನು ಸುಮ್ಮನೆ ಜೊತೆಗೆ ಹೋಗಿದ್ದೆ. ಕಿಟಕಿಯೊಳಗೆ ಹಳೇ ಕಾಲದ ಪ್ರಿಂಟರೊಂದು ಕರಕರ ಎಂದು ಚೀಟಿ ಹೊಡೆಯಿತು. ಚೀಟಿ ಕೈಗೆ ಬರುವ ಮೊದಲೇ ಅದರ ರಿಬ್ಬನ್ನಿನ ಮಸಿಯ ವಾಸನೆ ಮೂಗಿಗೆ ಬಂತು. ಬಿಸಿ ಎಣ್ಣೆ ಮತ್ತು ಹೊಸ ಕಾಗದ ಸೇರಿದಂಥ ವಾಸನೆ. ತಮ್ಮ ಚೀಟಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದ. ನಾನು ಈಸಿಕೊಂಡು ಎರಡು ಸಲ ನೋಡಿದೆ.

"ಯಾಕಕ್ಕ, ನಂಬ್ಕೆ ಇಲ್ವಾ?" ಅಂದ.

ಯಂತ್ರ ಹೊಡೆದ ಅಂಕಿಯನ್ನು ಒಂದೇ ಸಲ ನೋಡಿ ನಂಬುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ತೊಂಬತ್ತೇಳರ ಮಳೆಗಾಲದಲ್ಲಿ ಬಿಟ್ಟದ್ದು.

ಆಗ ನನಗೆ ಇಪ್ಪತ್ತನಾಲ್ಕು. ಮೈಸೂರಿನಲ್ಲಿ ಗಣಿತದ ಬಿ.ಎಸ್ಸಿ. ಮುಗಿಸಿ, ಒಂದು ವರ್ಷ ಕಂಪ್ಯೂಟರ್ ಕೋರ್ಸು ಮಾಡಿ, ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಡಿಗೆ ಮನೆಯಲ್ಲಿದ್ದ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಮಳೆಯ ಅಧ್ಯಯನಕ್ಕೆಂದು ಮೂರು ವರ್ಷದ ಮಟ್ಟಿಗೆ ತೆರೆದ ಕಚೇರಿ ಅದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಕೆಲವು ಊರುಗಳಲ್ಲಿ ಮಳೆಮಾಪಕಗಳಿದ್ದವು. ದಿನಾ ಬೆಳಿಗ್ಗೆ ಎಂಟೂವರೆಗೆ ಆಯಾ ಊರಿನವರೊಬ್ಬರು ಅದರ ಬೀಗ ತೆಗೆದು, ಹಿಂದಿನ ದಿನದ ನೀರನ್ನು ಅಳತೆ ಗಾಜಿಗೆ ಸುರಿದು, ಎಷ್ಟಿದೆಯೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ವಾರಕ್ಕೊಮ್ಮೆ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಅಂಕಿಗಳನ್ನು ಹೇಳಬೇಕು. ಗಂಜಾಂನಿಂದ ಬರುತ್ತಿದ್ದ ನಸೀಮಾ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೇಳಿದ್ದನ್ನು ನೇರವಾಗಿ ಕಂಪ್ಯೂಟರಿಗೆ ಹೊಡೆಯುತ್ತಿದ್ದಳು. ಆ ಕಂಪ್ಯೂಟರಿನ ಪ್ರೋಗ್ರಾಮು ಬರೆಯುವುದು ನನ್ನ ಕೆಲಸ.

ನಮ್ಮ ಮೇಲಿದ್ದ ಸಾಹೇಬರು ರಾಮಲಿಂಗೇಗೌಡರು. ಕೆ.ಆರ್. ಪೇಟೆ ಕಡೆಯವರು, ರಿಟೈರಾಗಲು ಎರಡು ವರ್ಷವಿತ್ತು. ಕೆಟ್ಟ ಮನುಷ್ಯರಲ್ಲ, ಆದರೆ ಯಾರನ್ನೂ ನಂಬುತ್ತಿರಲಿಲ್ಲ. ಹಿಂದೆ ಎಲ್ಲೋ ಒಂದು ಊರಿನಲ್ಲಿ ಅವರು ಮಳೆಮಾಪಕ ನೋಡಲು ಹೋದಾಗ ಅದರ ಲಾಳಿಕೆಯೊಳಗೆ ಗುಬ್ಬಚ್ಚಿ ಗೂಡು ಕಟ್ಟಿ ಮರಿ ಮಾಡಿತ್ತಂತೆ. ಪುಸ್ತಕದಲ್ಲಿ ಮಾತ್ರ ಮೂರು ತಿಂಗಳು ತಪ್ಪದೆ ಮಳೆ ಬಂದಿತ್ತಂತೆ. "ಮರಿ ರೆಕ್ಕೆ ಬಲಿತು ಹಾರೋವರ್ಗೂ ಇವ್ನು ಮನೇಲಿ ಕೂತು ಮಳೆ ಬರ್ದವ್ನೆ ಕಣಮ್ಮ" ಎಂದು ನನಗೆ ಸೇರಿದ ದಿನವೇ ಹೇಳಿದ್ದರು. ಕಂಪ್ಯೂಟರು ಬಂದದ್ದು ಅವರಿಗೆ ಬಹಳ ಸಂತೋಷ ಕೊಟ್ಟಿತ್ತು. ಕಳ್ಳ ಲೆಕ್ಕ ತಾನಾಗಿಯೇ ಸಿಕ್ಕಿಬೀಳುತ್ತದೆ ಎಂದು ಅವರ ಎಣಿಕೆ.

ನನಗೂ ಒಂದು ಹೆಮ್ಮೆಯಿತ್ತು. ನಮ್ಮಲ್ಲಿ ಮೂರು ಬಗೆಯ ಮಾಪಕಗಳಿದ್ದವು. ಹೆಚ್ಚಿನ ಊರುಗಳಲ್ಲಿ ಮಿಲಿಮೀಟರಿನ ಗಾಜು. ಒಂದೆರಡು ಕಡೆ, ಪುಟ್ಟ ಬಟ್ಟಲು ತುಂಬಿ ಎಷ್ಟು ಸಲ ಮಗುಚಿತು ಎಂದು ಎಣಿಸುವ ಯಂತ್ರ. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ ಮಾತ್ರ ಹಳೇ ಇಂಚಿನ ಗಾಜು. ಒಂದು ಇಂಚಿಗೆ ನೂರು ಸೆಂಟು, ಓದುವುದು ಸೆಂಟಿನಲ್ಲಿ. ನಾನು ಬರುವ ಮುಂಚೆ ಒಂದೊಂದು ಬಗೆಗೂ ಒಂದೊಂದು ಪ್ರೋಗ್ರಾಮು ಇತ್ತು. ಅದೇ ಸಾಲುಗಳನ್ನು ಮೂರು ಸಲ ಬರೆದಿದ್ದರು. ಮೈಸೂರಿನ ಗೆಳತಿಯೊಬ್ಬಳು ಜೆರಾಕ್ಸ್ ಮಾಡಿ ಕೊಟ್ಟ ಹಾಳೆಗಳಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯ ಟೆಂಪ್ಲೇಟಿನ ವಿಷಯ ಓದಿದ್ದೆ. ಟೆಂಪ್ಲೇಟು ಅಂದರೆ ಅಚ್ಚು. ಒಂದು ದಿನದ ಮಳೆಯ ದಾಖಲೆಯನ್ನು ಚೌಕಾಬಾರದ ಹಾಗೆ ಕೆಲವು ಮನೆಗಳಿರುವ ಪಟ್ಟಿ ಅಂದುಕೊಳ್ಳಿ. ಒಂದು ಮನೆಯಲ್ಲಿ ತಾರೀಕು, ಒಂದರಲ್ಲಿ ಓದಿದ ಅಳತೆ, ಇನ್ನೊಂದರಲ್ಲಿ ಅದನ್ನೇ ಮಿಲಿಮೀಟರಿಗೆ ತಿರುಗಿಸಿದ್ದು. ಪ್ರಿಂಟಿಗೆ ಬರುತ್ತಿದ್ದದ್ದು ಈ ಮಿಲಿಮೀಟರು ಮಾತ್ರ. ಯಾವ ಮನೆಯಲ್ಲಿ ಬರೀ ಪೂರ್ಣ ಸಂಖ್ಯೆ ಕೂರಬೇಕು, ಯಾವುದರಲ್ಲಿ ದಶಮಾಂಶ ಕೂರಬೇಕು ಎಂದು ಮೊದಲೇ ಹೇಳಬೇಕು. ನಾನು ಅದನ್ನು ಹೇಳದೆ ಬಿಟ್ಟು ಒಂದೇ ಅಚ್ಚು ಮಾಡಿದೆ. ಮಾಪಕ ಯಾವ ಬಗೆಯದು ಎಂದಷ್ಟೇ ತಿಳಿಸಿದರೆ ಸಾಕು, ಒಳಗಿನ ಮನೆಗಳು ಏನೇನು ಎಂಬುದನ್ನು ಭಾಷೆಯೇ ಅದರಿಂದ ಲೆಕ್ಕ ಹಾಕಿಕೊಳ್ಳುತ್ತಿತ್ತು. ಅದು ಮೊದಲ ಸಲ ನಡೆದ ಮಧ್ಯಾಹ್ನ ನಾನು ನಸೀಮಾಳನ್ನು ಕರೆದುಕೊಂಡು ಹೋಗಿ ಬಾದಾಮಿ ಹಾಲು ಕುಡಿಸಿದ್ದೆ.

ಜೂನ್ ಕೊನೆಗೆ ಪ್ರಿಂಟು ತೆಗೆದಾಗ ರಾಮಲಿಂಗೇಗೌಡರು ಹಾಳೆಯ ಮೇಲೆ ಸ್ಕೇಲಿಟ್ಟುಕೊಂಡು ಸಾಲು ಸಾಲಾಗಿ ನೋಡಿದರು. ಬಿಂಡಿಗನವಿಲೆಯ ಹತ್ತಿರ ಸ್ಕೇಲು ನಿಂತಿತು.

"ಬಾಮ್ಮ ಇಲ್ಲಿ. ನಾಗಮಂಗಲದಲ್ಲಿ ಹನ್ನೊಂದು ಪಾಯಿಂಟ್ ನಾಲ್ಕು, ಮೂರು ಪಾಯಿಂಟ್ ಎರಡು, ಸೊನ್ನೆ ಪಾಯಿಂಟ್ ಎಂಟು. ಗಾಜಿರೋ ಕಡೆ ಎಲ್ಲಾ ಇಂಗೇ ಚಿಲ್ರೆ ಇದೆ. ಇವ್ನ ಊರಲ್ಲಿ ನೋಡು. ಹನ್ನೊಂದು, ನಾಲ್ಕು, ಹದಿನೇಳು. ಚಿಲ್ರೆನೇ ಇಲ್ಲ. ಸೋನೆ ಬಿದ್ದ ದಿನ ಪೂರ್ತಿ ಸೊನ್ನೆ. ಮಳೆ ಏನು ಇವ್ನ ಮನೆ ಮುಂದೆ ತೂಕ ಮಾಡ್ಕಂಡು ಬೀಳುತ್ತಾ?"

ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಮನೆಯಲ್ಲಿ ಕೂತು ಅಂಕಿ ಕಟ್ಟುವವನು ಚಿಲ್ಲರೆ ಬರೆಯುವ ಗೋಜಿಗೆ ಹೋಗುವುದಿಲ್ಲ ಎಂದು ನನಗೂ ಅನ್ನಿಸಿತು. ಆ ಊರಿನ ಮಳೆ ಓದುತ್ತಿದ್ದವರು ನಂಜೇಗೌಡ ಎಂಬ ಅರವತ್ತರ ಹತ್ತಿರದ ರೈತರು. ಫೋನಿನಲ್ಲಿ ಅವರ ದನಿ ಕೇಳಿದ್ದೆ, ಮುಖ ನೋಡಿರಲಿಲ್ಲ.

ನಸೀಮಾ ಮಾತ್ರ ಸುಮ್ಮನಿರಲಿಲ್ಲ. "ಅಕ್ಕ, ಅವ್ರು ಮೊನ್ನೆ ಮೂರು ಸೆಂಟು ಅಂದ್ರು. ನಾನು ಮೂರು ಅಂತಾನೇ ಹಾಕ್ದೆ. ಇಲ್ಲಿ ಸೊನ್ನೆ ಬಂದೈತಲ್ಲ?" ಅಂದಳು.

"ಬೇರೆ ಊರಿನ ಸಾಲಲ್ಲಿ ಹಾಕಿರ್ತೀಯ, ನೋಡ್ಕೊ."

"ಕಸಮ್, ಅಲ್ಲೇ ಹಾಕಿದ್ದು."

ನಾನು ನಂಬಲಿಲ್ಲ. ಫೋನು ಕಿವಿಗಿಟ್ಟುಕೊಂಡೇ ಹೊಡೆಯುತ್ತಾಳೆ, ಕೈ ತಪ್ಪಿರುತ್ತದೆ ಅಂದುಕೊಂಡೆ. ಅವಳು ಆಮೇಲೆ ಆ ಮಾತೆತ್ತಲಿಲ್ಲ. ಆದರೆ ಅಂದಿನಿಂದ ನನ್ನ ಕಣ್ಣ ಮುಂದೆಯೇ ಒಂದೊಂದು ಅಂಕಿಯನ್ನೂ ಜೋರಾಗಿ ಹೇಳಿಕೊಂಡು ಹೊಡೆಯತೊಡಗಿದಳು. ಅದು ನನಗೆ ಚುಚ್ಚಿದಂತೆ ಕೇಳಿಸುತ್ತಿತ್ತು.

ಜುಲೈ, ಆಗಸ್ಟಿನ ಹಾಳೆಗಳಲ್ಲೂ ಅದೇ ಕತೆ. ಸೆಪ್ಟೆಂಬರಿನಲ್ಲಿ ರಾಮಲಿಂಗೇಗೌಡರು ನೋಟೀಸು ಕಳಿಸಿದರು, ಪುಸ್ತಕ ತೆಗೆದುಕೊಂಡು ಬರಬೇಕೆಂದು. ನಂಜೇಗೌಡರು ಬಂದರು. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಜೊತೆಯಲ್ಲಿ ಹೆಂಡತಿ ಬಂದಿದ್ದರು. ಅವರು ಒಳಗೆ ಬರದೆ ಜಗಲಿಯ ಮೇಲೆಯೇ ಕೂತರು. ರಾಮಲಿಂಗೇಗೌಡರು ಪುಸ್ತಕ ತೆರೆದರು. ಅಂಕಿಗಳು ದುಂಡಗೆ, ಒತ್ತಾಗಿದ್ದವು. ಸಹಿ ಮಾತ್ರ ನಡುಗಿ ಓರೆಯಾಗಿತ್ತು. ಸಾಹೇಬರು ನನ್ನ ಕಡೆ ನೋಡಿದರು. ಬರೆದದ್ದು ಎರಡು ಕೈ ಎಂದು ನನಗೂ ಕಂಡಿತು.

"ಜುಲೈ ಹದಿನಾಲ್ಕು ಓದ್ರಿ ಗೌಡ್ರೆ" ಎಂದು ಪುಸ್ತಕವನ್ನು ಅವರ ಮುಂದೆ ತಳ್ಳಿದರು.

ನಂಜೇಗೌಡರು ಪುಸ್ತಕದ ಕಡೆ ಮುಖ ಮಾಡಿದರು, ಆದರೆ ಬಗ್ಗಲಿಲ್ಲ. "ಅದಿನಾಲ್ಕು ಮೂರು ಸೆಂಟು. ಅದಿನೈದು ನಲವತ್ತೇಳು. ಅದಿನಾರು ಇಲ್ಲ. ಅದಿನೇಳು ಎರಡು" ಎಂದು ತಡೆಯಿಲ್ಲದೆ ಹೇಳಿದರು. ಪುಟದಲ್ಲಿ ಹಾಗೇ ಇತ್ತು.

"ಪ್ರಿಂಟಲ್ಲಿ ಹದಿನಾಲ್ಕು ಸೊನ್ನೆ, ಹದಿನೇಳೂ ಸೊನ್ನೆ. ಅಲ್ಲಿಲ್ಲದ್ದು ಪುಸ್ತಕದಲ್ಲಿ ಎಲ್ಲಿಂದ ಬಂತು?"

"ನಾನ್ ಏಳಿದ್ದು ಮೂರೇ ಸ್ವಾಮಿ."

ಅವರನ್ನು ಕಳಿಸಿದ ಮೇಲೆ ಸಾಹೇಬರು ಹೇಳಿದರು: "ನೋಟೀಸು ಹೋದ್ಮೇಲೆ ಯಾರ ಕೈಲೋ ಬರೆಸವ್ನೆ. ಬಾಯಿಪಾಠ ಮಾಡ್ಕಂಡು ಬಂದವ್ನೆ. ನೋಡ್ದೆ ತಾನೆ?" ನೋಡಿದ್ದೆ. ಕಣ್ಣು ಪುಸ್ತಕದ ಮೇಲಿರಲಿಲ್ಲ. ಸುಳ್ಳನ್ನು ಇಷ್ಟು ಚೆನ್ನಾಗಿ ಉರು ಹೊಡೆದಿದ್ದಾರಲ್ಲ ಎಂದು ನನಗೆ ಭಯವೇ ಆಯಿತು.

ಅಕ್ಟೋಬರಿನಲ್ಲಿ ನನ್ನನ್ನು ಹೇಳದೆ ಕೇಳದೆ ಹೋಗಿ ನೋಡಿ ಬರಲು ಕಳಿಸಿದರು. "ಏನಾರ ಎಡವಟ್ಟು ಕಂಡ್ರೆ ಬೀಗದ ಕೈ, ಗಾಜು ಎರಡೂ ಈಸ್ಕಂಡು ಬಂದ್ಬುಡು. ಬೇರೆಯೋರಿಗೆ ಕೊಡನ" ಅಂದರು. ಸೋಮವಾರ ಸಾಯಂಕಾಲ ನಾಗಮಂಗಲದ ಸೋದರತ್ತೆಯ ಮನೆಯಲ್ಲಿ ಉಳಿದು, ಮಂಗಳವಾರ ಮೊದಲ ಬಸ್ಸಿಗೆ ಬಿಂಡಿಗನವಿಲೆಯಲ್ಲಿ ಇಳಿದೆ. ಹಿಂದಿನ ದಿನ ತುಸು ಮಳೆಯಾಗಿತ್ತು. ರಾಗಿ ಹೊಲದ ಅಂಚಿನಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಮಾಪಕ ಕಂಡಿತು, ಎದುರಿಗೇ ಮನೆ. ನಾನು ಪಕ್ಕದ ಕುರಿರೊಪ್ಪದ ಮರೆಯಲ್ಲಿ ನಿಂತೆ. ಹಾಗೆ ಕದ್ದು ನಿಂತದ್ದು ಜೀವನದಲ್ಲಿ ಅದೊಂದೇ ಸಲ. ಕುರಿಗಳು ನನ್ನನ್ನೇ ನೋಡುತ್ತಿದ್ದವು.

ಎಂಟೂವರೆಗೆ ಸರಿಯಾಗಿ ಬಂದವರು ನಂಜೇಗೌಡರಲ್ಲ, ಅವರ ಹೆಂಡತಿ ಚಿಕ್ಕತಾಯಮ್ಮ. ಸೊಂಟದಿಂದ ಬೀಗದ ಕೈ ತೆಗೆದು, ಲಾಳಿಕೆ ಎತ್ತಿಟ್ಟು, ಒಳಗಿನ ನೀರನ್ನು ಗಾಜಿಗೆ ಸುರಿದರು. ಗಾಜನ್ನು ಕಲ್ಲಿನ ಮೇಲಿಟ್ಟು, ಎರಡೂ ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದರು. "ಏಳು" ಎಂದು ಕೂಗಿದರು. ಜಗಲಿಯಲ್ಲಿ ಕೂತಿದ್ದ ನಂಜೇಗೌಡರು "ಏಳು" ಅಂದರು. ಚಿಕ್ಕತಾಯಮ್ಮ ಪುಸ್ತಕದಲ್ಲಿ ಬರೆದು, ಗಂಡನ ಹತ್ತಿರ ಒಯ್ದು, ಅವರ ಬೆರಳನ್ನು ಹಿಡಿದು ಸಹಿಯ ಜಾಗ ತೋರಿಸಿದರು.

ನಾನು ಹೊರಗೆ ಬಂದೆ. "ಓದೋರು ನಂಜೇಗೌಡ್ರಲ್ವಾ?" ಎಂದು ಕೇಳಿದೆ.

ಚಿಕ್ಕತಾಯಮ್ಮನ ಕೈಯಿಂದ ಪೆನ್ನು ಬಿತ್ತು. ನಂಜೇಗೌಡರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. ನನ್ನನ್ನು ನೋಡಲಿಲ್ಲ, ನನ್ನ ಪಕ್ಕದ ಗಾಳಿಯನ್ನು ನೋಡಿದರು. ಆಗ ನನಗೆ ಗೊತ್ತಾಯಿತು.

"ಇವ್ರ ಕಣ್ಣು ಮಂಜಾಗವೆ ಕಣವ್ವ, ಎರಡು ವರ್ಸಾಯ್ತು" ಅಂದರು ಚಿಕ್ಕತಾಯಮ್ಮ. "ಏಳುದ್ರೆ ಈ ಕೆಲ್ಸನೂ ಓಯ್ತದೆ ಅಂತ ಏಳ್ಲಿಲ್ಲ. ಒಲಕ್ಕೂ ಓಗಂಗಿಲ್ಲ, ಇದೊಂದೇ ಅವ್ರಿಗೆ ಉಳ್ದಿರದು. ನಾನು ನೋಡಿ ಏಳ್ತೀನಿ, ವಾರದ್ದೆಲ್ಲ ಅವ್ರು ಮನಸ್ನಾಗೆ ಇಟ್ಕಂಡು ಪೋನ್ ಮಾಡ್ತಾರೆ, ಒಂದ್ಸಲ ಇಟ್ಕಂಡಿದ್ದು ಮರೆಯಾಕಿಲ್ಲ. ಆದ್ರೆ ಮಳೇಲಿ ಸುಳ್ಳಿಲ್ಲ. ಬಾ, ನೀನೇ ನೋಡು."

ಕೂತು ನೋಡಿದೆ. ಏಳು ಸೆಂಟು. ನನ್ನ ಡೈರಿಯಲ್ಲಿ ಬರೆದುಕೊಂಡೆ.

ಅಷ್ಟಾದರೂ ನಾನು ಗಾಜನ್ನು ಟವೆಲ್ಲಿನಲ್ಲಿ ಸುತ್ತಿ, ಬೀಗದ ಕೈಯ ಜೊತೆ ಚೀಲಕ್ಕೆ ಹಾಕಿಕೊಂಡೆ. ಎರಡು ವರ್ಷ ಗಂಡನ ಹೆಸರಿನಲ್ಲಿ ಹೆಂಡತಿ ಬರೆದಿದ್ದಾಳೆ, ಒಂದನ್ನು ಮುಚ್ಚಿಟ್ಟವರು ಇನ್ನೊಂದನ್ನೂ ಮುಚ್ಚಿಟ್ಟಿರುತ್ತಾರೆ ಎಂದು ನನ್ನ ಯೋಚನೆ. ಒಂದು ದಿನ ಸರಿಯಾಗಿ ಓದಿದ ಮಾತ್ರಕ್ಕೆ ಉಳಿದ ಸೊನ್ನೆಗಳು ಎಲ್ಲಿಗೆ ಹೋಗುತ್ತವೆ? ಚಿಕ್ಕತಾಯಮ್ಮ ತಡೆಯಲಿಲ್ಲ. ನಂಜೇಗೌಡರು ಮಾತ್ರ "ನಾಳಿಕ್ಕೆ ಮಳೆ ಬಂದ್ರೆ ಯಾರ್ ನೋಡ್ತಾರೆ ತಾಯಿ?" ಎಂದು ಕೇಳಿದರು. ನಾನು ಬಸ್ಸಿನ ಕಡೆ ನಡೆದೆ.

ಬುಧವಾರ ಕಚೇರಿಯಲ್ಲಿ ಡೈರಿ ನೋಡಿ ನಸೀಮಾಗೆ ಏಳು ಎಂದೆ. ಅವಳು "ಬಿಂಡಿಗನವಿಲೆ, ಏಳು" ಎಂದು ಜೋರಾಗಿ ಹೇಳಿ ಹೊಡೆದಳು. ಪ್ರಿಂಟು ತೆಗೆದೆವು. ಒಂದು ಎಂದು ಬಂದಿತ್ತು.

ಒಂದು ಸೆಂಟಿಗೆ ಸುಮಾರು ಕಾಲು ಮಿಲಿಮೀಟರು. ಏಳಕ್ಕೆ ಒಂದೂಮುಕ್ಕಾಲು ಬರಬೇಕು. ಮುಕ್ಕಾಲು ಎಲ್ಲಿ ಹೋಯಿತು? ನಾನೇ ಕೂತು ಮೂರು ಹೊಡೆದೆ. ಸೊನ್ನೆ. ನಲವತ್ತೇಳು ಹೊಡೆದೆ. ಹನ್ನೆರಡರ ಹತ್ತಿರ ಬರಬೇಕಾದದ್ದು ಹನ್ನೊಂದು ಎಂದು ಬಂತು.

ಅಚ್ಚನ್ನು ತೆರೆದೆ. ಸೆಂಟುಗಳು ಪೂರ್ಣ ಸಂಖ್ಯೆಗಳಾದ್ದರಿಂದ, ಮಾಪಕ ಇಂಚಿನದಾದರೆ ಓದಿದ ಅಳತೆಯ ಮನೆಯಲ್ಲಿ ಪೂರ್ಣ ಸಂಖ್ಯೆ ಕೂರಲಿ ಎಂದು ನಾನು ಬರೆದಿದ್ದೆ. ಅದು ಸರಿ. ಮುಂದಿನ ಸಾಲಿನಲ್ಲಿ, ಮಿಲಿಮೀಟರಿನ ಮನೆಯೂ ಓದಿದ ಅಳತೆಯ ಮನೆಯ ಹಾಗೇ ಇರಲಿ ಎಂದು ಬರೆದಿದ್ದೆ. ಬೇರೆ ಊರುಗಳಲ್ಲಿ ಎರಡೂ ದಶಮಾಂಶದ ಮನೆಗಳಾದವು, ಏನೂ ತೊಂದರೆಯಾಗಲಿಲ್ಲ. ಬಟ್ಟಲಿನ ಯಂತ್ರದ ಒಂದೊಂದು ಸಲ ಮಗುಚಿದ್ದಕ್ಕೂ ಸರಿಯಾಗಿ ಒಂದು ಮಿಲಿಮೀಟರಾದ್ದರಿಂದ ಅಲ್ಲೂ ಗೊತ್ತಾಗಲಿಲ್ಲ. ಬಿಂಡಿಗನವಿಲೆಗೆ ಮಾತ್ರ ಭಾಷೆ ನಾನು ಹೇಳಿದಂತೆಯೇ ಲೆಕ್ಕ ಹಾಕಿ ಪೂರ್ಣ ಸಂಖ್ಯೆಯ ಮನೆ ಕಟ್ಟಿಕೊಟ್ಟಿತ್ತು, ಚಿಲ್ಲರೆ ಒಳಗೆ ಹಿಡಿಯದೆ ಉದುರಿ ಹೋಗಿತ್ತು. ಅಂಕಿಯ ಭಾಗ ಕಳೆದುಹೋಗಬಹುದು ಎಂದು ಅದು ಎಚ್ಚರಿಕೆಯ ಸಾಲನ್ನೂ ತೋರಿಸಿತ್ತು. ಎಚ್ಚರಿಕೆಗಳು ಬಹಳ ಬರುತ್ತವೆ ಎಂದು ಮೇ ತಿಂಗಳಲ್ಲಿ ನಾನೇ ಅವು ಕಾಣದಂತೆ ಮಾಡಿದ್ದೆ.

ನಸೀಮಾ ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದಳು. "ನಾನು ಹಾಕಿದ್ದು ಮೂರೇ" ಅಂದಳು, ಅಷ್ಟೇ.

ಗುರುವಾರವೇ ಬಿಂಡಿಗನವಿಲೆಗೆ ಹೋಗಬಹುದಿತ್ತು. ಹೋಗಲಿಲ್ಲ. ಇಲ್ಲಿ ನಾನು ಸುಳ್ಳು ಹೇಳಬಾರದು. ಸಾಹೇಬರು ಎರಡು ದಿನ ಕೆ.ಆರ್. ಪೇಟೆ ಕಡೆ ಹೋಗಿದ್ದರು. ಆ ಎರಡು ದಿನ ನಾನು ಪ್ರೋಗ್ರಾಮು ಸರಿಪಡಿಸಿ, ಹಳೇ ತಿಂಗಳ ಪ್ರಿಂಟುಗಳನ್ನು ಹೊಸದಾಗಿ ತೆಗೆದು, ಹಳೆಯವನ್ನು ಮಡಚಿ ನನ್ನ ಮೇಜಿನ ಕೆಳಗೆ ಇಟ್ಟೆ. ಗಾಜು, ಬೀಗದ ಕೈ ವಾಪಸು ಕಳಿಸಿ, "ಪರಿಶೀಲನೆ ಮುಗಿದಿದೆ" ಎಂದು ಒಂದು ಸಾಲು ಬರೆದರೆ ಸಾಕಲ್ಲ ಎಂದು ಕೂಡ ಯೋಚಿಸಿದೆ. ಗುರುವಾರ ಮಧ್ಯಾಹ್ನ ಶ್ರೀರಂಗಪಟ್ಟಣದಲ್ಲಿ ಜೋರು ಮಳೆ ಹಿಡಿಯಿತು. ಉತ್ತರದ ಕಡೆ, ನಾಗಮಂಗಲದ ಮೇಲೆ, ಮೋಡ ಇನ್ನೂ ಕಪ್ಪಗಿತ್ತು. ಬೀಗ ಹಾಕಿದ ಮಾಪಕದೊಳಗೆ ನೀರು ಬೀಳುತ್ತಿರುತ್ತದೆ, ಅದರ ಮುಂದೆ ಆ ಹೆಂಗಸು ಕೈಕಟ್ಟಿ ನಿಂತಿರುತ್ತಾಳೆ ಎಂದು ಅನ್ನಿಸಿದ ಮೇಲೆ ಹಳೇ ಹಾಳೆಗಳನ್ನು ಮೇಜಿನ ಕೆಳಗಿನಿಂದ ಈಚೆಗೆ ತೆಗೆದೆ.

ಶುಕ್ರವಾರ ಸಾಹೇಬರು ಬಂದ ಕೂಡಲೇ ಹಳೇ ಹಾಳೆ, ಹೊಸ ಹಾಳೆ ಎರಡನ್ನೂ ಅವರ ಮೇಜಿನ ಮೇಲಿಟ್ಟು, ಬಿಂಡಿಗನವಿಲೆಯಲ್ಲಿ ಕಂಡದ್ದನ್ನೂ ನನ್ನ ತಪ್ಪನ್ನೂ ಹೇಳಿದೆ. ಬಹಳ ಹೊತ್ತು ಸ್ಕೇಲು ಹಿಡಿದು ನೋಡಿದರು.

"ಅಂಗಾದ್ರೆ ಆ ಹೆಂಗ್ಸು ಬರ್ದು ಗಂಡನ ಕೈಲಿ ಸಹಿ ಮಾಡ್ಸಿದ್ದು?"

"ಸಹಿ ಸುಳ್ಳು ಸರ್, ಮಳೆ ಸುಳ್ಳಲ್ಲ. ಮಳೆಯ ಸುಳ್ಳು ನಂದು."

ಅವರು ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ನಾಳೆ ನಾನೂ ಬರ್ತೀನಿ" ಅಂದರು.

ಶನಿವಾರ ಎಂಟು ಗಂಟೆಗೆ ನಾವಿಬ್ಬರೂ ಬಿಂಡಿಗನವಿಲೆಯಲ್ಲಿದ್ದೆವು. ಚಿಕ್ಕತಾಯಮ್ಮ ನಮಗೆ ಕೂತ್ಕೊಳ್ಳಿ ಅನ್ನಲಿಲ್ಲ. ನಾನು ತಪ್ಪು ನನ್ನ ಪ್ರೋಗ್ರಾಮಿನದು ಎಂದು ಹೇಳಿದಾಗ, "ಪ್ರೋಗ್ರಾಮ್ ಬರ್ದೋರ್ಯಾರವ್ವ?" ಎಂದು ಕೇಳಿದರು. ನಾನೇ ಎಂದೆ. "ಅಂಗಾರೆ ನಂದೇ ತಪ್ಪು ಅಂತ ಏಳು" ಅಂದರು. ನಂಜೇಗೌಡರು ನಾನು ಅವರ ಕೈಗಿಟ್ಟ ಬೀಗದ ಕೈಯನ್ನು ಬೆರಳಿನಿಂದ ಸವರಿ ನೋಡಿ ಹೆಂಡತಿಗೆ ಕೊಟ್ಟರು.

ಬೀಗ ತೆಗೆದಾಗ ಮಾಪಕದೊಳಗೆ ನಾಲ್ಕು ದಿನದ ನೀರಿತ್ತು. ಗಾಜು ಒಂದು ಸಲಕ್ಕೆ ಐವತ್ತು ಸೆಂಟು ಮಾತ್ರ ಹಿಡಿಯುತ್ತದೆ. ಮೂರು ಸಲ ತುಂಬಿಸಿ ಚೆಲ್ಲಿ, ನಾಲ್ಕನೇ ಸಲ ಹನ್ನೆರಡು ಬಂತು. ಒಟ್ಟು ನೂರ ಅರವತ್ತೆರಡು. ಚಿಕ್ಕತಾಯಮ್ಮ ಶನಿವಾರದ ಸಾಲಿನ ಪಕ್ಕದಲ್ಲಿ "ನಾಲ್ಕು ದಿನದ್ದು ಒಟ್ಟಿಗೆ" ಎಂದು ಬರೆದರು. ಬುಧ, ಗುರು, ಶುಕ್ರ, ಶನಿಯ ಅಳತೆಯ ಮನೆಗಳು ಖಾಲಿ ಉಳಿದವು.

ರಾಮಲಿಂಗೇಗೌಡರು ಖಾಲಿ ಮನೆಗಳ ಮೇಲೆ ಬೆರಳಿಟ್ಟರು. "ನೋಡಮ್ಮ, ಖಾಲಿ ಬುಟ್ರೆ ಮೇಲಿನೋರು ಕೇಳ್ತಾರೆ. ನಾಲ್ಕು ದಿನಕ್ಕೂ ಹಂಚಿ ಬರ್ದ್ಬುಡು. ನಲವತ್ತು, ನಲವತ್ತು, ನಲವತ್ತೊಂದು, ನಲವತ್ತೊಂದು. ಒಟ್ಟು ಸರಿಯಾಗೇ ಇರುತ್ತಲ್ಲ."

ಚಿಕ್ಕತಾಯಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬುದುವಾರ ಒಂದ್ ಹನಿ ಬಿದ್ದಿಲ್ಲ ಸ್ವಾಮಿ. ಗುರುವಾರ ಉಯ್ದದ್ದು ಎಷ್ಟು, ಶುಕ್ರವಾರ ಎಷ್ಟು, ನಂಗೊತ್ತಿಲ್ಲ. ನೋಡ್ದೆ ಇರೋದ್ನ ನಾನ್ ಬರ್ಯಾಕಿಲ್ಲ."

"ಬುಧವಾರ ಬಿದ್ದಿಲ್ಲ ಅಂದ್ರೆ ಅದಕ್ಕೆ ಸೊನ್ನೆ ಹಾಕು."

"ಗಾಜಲ್ಲಿ ನೋಡಿಲ್ಲ. ರಾತ್ರೆ ನಾನು ಮಲಗಿದ್ದಾಗ ನಾಲ್ಕು ಹನಿ ಬಿದ್ದಿದ್ರೆ?"

ಸಾಹೇಬರು ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟರು. ವಾಪಸು ಬರುವಾಗ ಬಸ್ಸು ನಾಗಮಂಗಲ ದಾಟಿತು. ಆಮೇಲೆ, "ಓದೋರ ಹೆಸ್ರು ಬದ್ಲಾಯಿಸಕ್ಕೆ ಒಂದು ಕಾಗ್ದ ತಯಾರು ಮಾಡು. ಗಂಡ ಹೆಂಡ್ತಿ ಇಬ್ಬರ ಹೆಸ್ರೂ ಹಾಕು" ಅಂದರು. ಅದು ಮೇಲಿನಿಂದ ಒಪ್ಪಿಗೆಯಾಗಿ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಚಿಕ್ಕತಾಯಮ್ಮ ಅದಕ್ಕೆ ಖುಷಿ ಪಟ್ಟದ್ದು ನನಗೆ ಕಾಣಲಿಲ್ಲ. ತಿಂಗಳು ತಿಂಗಳೂ ಪ್ರಿಂಟನ್ನು ತರಿಸಿಕೊಂಡು, ಪುಸ್ತಕದ ಪಕ್ಕದಲ್ಲಿಟ್ಟು ತಾಳೆ ನೋಡಿ, ಕೆಳಗೆ ನನ್ನ ಸಹಿ ಕೇಳುತ್ತಿದ್ದರು. "ನಿಮ್ ಮಿಸೀನ್ ಮ್ಯಾಗೆ ನಂಗೆ ಅನುಮಾನ ಓಗಿಲ್ಲ ಕಣವ್ವ" ಎಂದು ಮುಖಕ್ಕೇ ಹೇಳುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ.

ನನಗೆ ಇನ್ನೊಂದು ಕೆಲಸ ಉಳಿದಿತ್ತು. ಆ ನಾಲ್ಕು ಖಾಲಿ ಮನೆಗಳನ್ನು ಕಂಪ್ಯೂಟರಿಗೆ ಹಾಕಲು ನನ್ನ ಅಚ್ಚಿನಲ್ಲಿ ದಾರಿಯೇ ಇರಲಿಲ್ಲ. ಅಂಕಿಯ ಮನೆಯಲ್ಲಿ ಅಂಕಿಯೇ ಕೂರಬೇಕು, ಏನೂ ಕೊಡದಿದ್ದರೆ ಸೊನ್ನೆ ಬಂದು ಕೂರುತ್ತಿತ್ತು. ಮಳೆ ಬಂದಿಲ್ಲ ಎನ್ನುವುದು ಬೇರೆ, ನೋಡಿಲ್ಲ ಎನ್ನುವುದು ಬೇರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹತ್ತು ದಿನ ಕೂತು ಅಚ್ಚನ್ನು ಹೊಸದಾಗಿ ಮಾಡಿದೆ. ಯಾವ ಮಾಪಕವೇ ಇರಲಿ, ಅಳತೆಯ ಮನೆ ಒಂದು ಅಂಕಿಯನ್ನಾದರೂ ಹಿಡಿಯಬೇಕು, ಇಲ್ಲವೇ "ನೋಡಿಲ್ಲ" ಎಂಬುದನ್ನು ಹಿಡಿಯಬೇಕು. ಹಾಗಿದ್ದ ಮನೆಗೆ ಪ್ರಿಂಟಿನಲ್ಲಿ ಒಂದು ಅಡ್ಡಗೆರೆ. ಅದನ್ನು ಮೊದಲು ಪರೀಕ್ಷೆ ಮಾಡಿದವಳು ನಸೀಮಾ. ನಾನೇ ಅವಳನ್ನು ಕರೆದು, ಎಲ್ಲಿ ತಪ್ಪಿದೆ ಹುಡುಕು ಎಂದು ಪಕ್ಕದಲ್ಲಿ ನಿಂತೆ. ಎರಡು ತಪ್ಪು ಹುಡುಕಿದಳು.

ಜನವರಿಯಲ್ಲಿ ಮೇಲಿನ ಕಚೇರಿಯಿಂದ ಇಬ್ಬರು ವರ್ಷದ ವರದಿ ನೋಡಲು ಬಂದರು. ರಾಮಲಿಂಗೇಗೌಡರು ಹಾಳೆಗಳನ್ನು ಒಂದೊಂದಾಗಿ ಮುಂದಿಟ್ಟರು. ಅವರಲ್ಲಿ ಹಿರಿಯರಾದವರು ಬಿಂಡಿಗನವಿಲೆಯ ಅಕ್ಟೋಬರಿನ ಹತ್ತಿರ ನಿಂತರು. ಸುತ್ತಲಿನ ಅಷ್ಟೂ ಊರುಗಳಲ್ಲಿ ಮಳೆಯಿದ್ದ ವಾರದಲ್ಲಿ ಅಲ್ಲಿ ನಾಲ್ಕು ಅಡ್ಡಗೆರೆ.

"ಇದೇನ್ರೀ ಇದು? ಓದೋನು ಮಲಗಿದ್ನಾ?"

ರಾಮಲಿಂಗೇಗೌಡರು ನನ್ನ ಕಡೆ ನೋಡಿದರು. ಅವರೇ ಏನಾದರೂ ಹೇಳಿ ಮುಗಿಸಬಹುದಿತ್ತು, ಹಾಳೆಯನ್ನು ನನ್ನ ಕಡೆ ಸರಿಸಿದರು.

"ಇಲ್ಲ ಸರ್" ಅಂದೆ. "ಆ ನಾಲ್ಕು ದಿನ ಬೀಗದ ಕೈ ನನ್ನ ಚೀಲದಲ್ಲಿತ್ತು."